ಕೆಂಪು ಪೈಪಿನ ಜಟ್ಟೆಮ್ಮ

ಜಟ್ಟೆಮ್ಮ ತನ್ನ ಹೆಸರು ಬರೆಯಲು ಕಲಿತದ್ದು ನಲವತ್ತೊಂಬತ್ತನೇ ವಯಸ್ಸಿನಲ್ಲಿ. ಕಲಿಸಿದವಳು ಮಗಳು ರೇವತಿ, ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಸೀರೆಗೆ ಫಾಲ್ಸ್ ಹೊಲಿಯುವ ಹುಡುಗಿ. ಹಳೆಯ ಕ್ಯಾಲೆಂಡರಿನ ಬೆನ್ನಮೇಲೆ ಎರಡು ತಿಂಗಳು ತಿದ್ದಿ ತಿದ್ದಿ ಕೈಗೆ ಹತ್ತಿದ ಸಹಿ ಅದು. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ, ಶಾಯಿಯ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುವ ಅವಮಾನ ಇನ್ನಿಲ್ಲ ಎಂದು ಹಿಗ್ಗಿದ್ದಳು. ಎಲ್ಲಿ ಸಹಿ ಮಾಡು ಅಂದರೂ ಸಂತೋಷದಿಂದ ಮಾಡುತ್ತಿದ್ದಳು. ಆ ಸಂತೋಷವೇ ಅವಳನ್ನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿಸುವುದರಲ್ಲಿತ್ತು. ಹತ್ತಿಸಲಿಲ್ಲ, ಸದ್ಯ. ಹೇಗೆ ಹತ್ತಿಸಲಿಲ್ಲ ಎಂಬುದನ್ನು ಹೇಳದಿದ್ದರೆ ನನಗೇ ಸಮಾಧಾನವಿಲ್ಲ.

ಅವಳು ಕೆಲಸ ಮಾಡುವುದು ಕೆ.ಆರ್. ಪುರದ ಆಚೆ ಕೆರೆಯಂಚಿಗೆ ಎದ್ದು ನಿಂತಿರುವ ಹದಿನೆಂಟು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ. ಅದಕ್ಕೆ ಬಾಯಿಗೆ ಹತ್ತದ ಒಂದು ಇಂಗ್ಲಿಷ್ ಹೆಸರಿದೆ. ಜಟ್ಟೆಮ್ಮನಿಗೂ ಅವಳ ಓಣಿಯ ಯಾದಗಿರಿ, ಸುರಪುರದ ಹೆಂಗಸರಿಗೂ ಅದು 'ಕೆರೆ ಬಿಲ್ಡಿಂಗು'. ಆರು ವರ್ಷದಿಂದ ಅಲ್ಲಿ ಮೆಟ್ಟಿಲು ಒರೆಸುವ ಕೆಲಸ ಅವಳದು. ಮುಂದೊಂದು ಮೆಟ್ಟಿಲ ಸಾಲು, ಹಿಂದೊಂದು. ಲಿಫ್ಟಿರುವ ಕಟ್ಟಡದಲ್ಲಿ ಮೆಟ್ಟಿಲು ಯಾರು ಹತ್ತುತ್ತಾರೆ? ಯಾರೂ ಹತ್ತುವುದಿಲ್ಲ. ಆದರೂ ದಿನಾ ಒರೆಸಬೇಕು. ಬೆಳಗಿನ ಹೊತ್ತು ಲಿಫ್ಟಿನಲ್ಲಿ ಬಕೆಟ್ಟು ತರಕೂಡದೆಂಬ ನಿಯಮ ಬೇರೆ. ಸಾಹೇಬರ ಬೂಟಿಗೆ ನೀರು ಸಿಡಿದೀತಂತೆ! ಹಾಗಾಗಿ ಜಟ್ಟೆಮ್ಮ ನೀರು ಹೊತ್ತೇ ಮೇಲೆ ಹೋಗುವಳು, ಒರೆಸುತ್ತ ಕೆಳಗಿಳಿಯುವಳು, ನೀರು ಕೊಳೆಯಾದರೆ ಮತ್ತೆ ಕೆಳಗೆ, ಮತ್ತೆ ಮೇಲೆ. ಮಂಡಿಯ ಸಂಕಟ ಮಂಡಿಗೇ ಗೊತ್ತು.

ಮೆಟ್ಟಿಲ ಪಕ್ಕ ಪ್ರತಿ ಮಹಡಿಯಲ್ಲೂ ಗೋಡೆಗೆ ಒಂದು ಕೆಂಪು ಪೆಟ್ಟಿಗೆ, ಅದಕ್ಕೊಂದು ಗಾಜಿನ ಬಾಗಿಲು. ಒಳಗೆ ಸುತ್ತಿಟ್ಟ ದಪ್ಪ ಪೈಪು, ತಿರುಗಿಸುವ ಚಕ್ರ. ಬೆಂಕಿ ಬಿದ್ದರೆ ಆರಿಸಲು. ಪೆಟ್ಟಿಗೆಯ ಹಿಡಿಗೆ ದಾರ ಕಟ್ಟಿ ಒಂದು ಕಾರ್ಡು ನೇತುಹಾಕಿದ್ದರು. ಅದರಲ್ಲಿ ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿತ್ತು, ಪಕ್ಕದಲ್ಲಿ ಖಾಲಿ ಚೌಕಗಳಿದ್ದವು. ಸೂಪರ್‌ವೈಸರ್ ಭಗವಂತರಾಯ ಒಮ್ಮೆ ಹೇಳಿದ್ದ: "ಯಕ್ಕಾ, ವಾರಕ್ಕೊಮ್ಮೆ ಗಾಜು ಒರಸು, ಒರಸಿ ಇಲ್ಲಿ ಸೈ ಹಾಕು." ಭಗವಂತರಾಯನೂ ಜಟ್ಟೆಮ್ಮನ ಕಡೆಯವನೇ, ಅವಳ ಪಕ್ಕದ ಊರಿನವನು. ಈ ಕೆಲಸ ಕೊಡಿಸಿದವನೇ ಅವನು. ಅವನ ಮಾತಿಗೆ ಎದುರು ಮಾತೆಲ್ಲಿ? ಜಟ್ಟೆಮ್ಮ ಗಾಜು ಫಳಫಳ ಅನ್ನುವಂತೆ ಒರೆಸುವಳು, ಎದೆಯ ಹತ್ತಿರ ಸಿಕ್ಕಿಸಿದ ಪೆನ್ನು ತೆಗೆದು ನಿಧಾನವಾಗಿ ಸಹಿ ಮಾಡುವಳು. ವಾರಕ್ಕೆ ಹದಿನೆಂಟು ಸಹಿ. ಒಂದೂವರೆ ವರ್ಷದಲ್ಲಿ ಒಂದು ವಾರವೂ ತಪ್ಪಿಸಲಿಲ್ಲ.

ಆಷಾಢದ ಒಂದು ಗುರುವಾರ, ಬೆಳಗಿನ ಹತ್ತೂವರೆ. ಅವಳು ಹಿಂದಿನ ಮೆಟ್ಟಿಲು ಒರೆಸುತ್ತ ಹನ್ನೆರಡನೇ ಮಹಡಿಗೆ ಇಳಿದಿದ್ದಳು. ಏನೋ ಸುಟ್ಟ ವಾಸನೆ. ಯಾರೋ ಹಾಲು ಒಲೆಯ ಮೇಲಿಟ್ಟು ಮರೆತಿದ್ದಾರೆ ಅಂದುಕೊಂಡಳು. ನಡುವಿನ ಬಾಗಿಲು ತೆರೆದು ನೋಡಿದರೆ ಮುಂದಿನ ಮೆಟ್ಟಿಲ ಕಡೆಯಿಂದ ಕಪ್ಪು ಹೊಗೆ ಏರಿ ಬರುತ್ತಿತ್ತು. ನಾಲ್ಕನೇ ಮಹಡಿಯಲ್ಲಿ ಕರೆಂಟಿನ ವೈರುಗಳು ಹಾಯುವ ಸಂದಿಯೊಂದಿತ್ತು. ಅಲ್ಲಿ ಯಾರೋ ಹಳೆಯ ಪೇಪರು, ರಟ್ಟಿನ ಡಬ್ಬಿ ತುಂಬಿಟ್ಟಿದ್ದರು. ವೈರು ಕಿಡಿ ಹಾರಿಸಿದಾಗ ಹತ್ತಿಕೊಂಡಿತ್ತು. ಕೂಗಬೇಕಾದ ಗಂಟೆ ಕೂಗಲಿಲ್ಲ. ಒಂಬತ್ತನೇ ಮಹಡಿಯವರ ಗೃಹಪ್ರವೇಶದ ಹೋಮಕ್ಕೆ ಅದು ಹೊಡೆದುಕೊಂಡು ಎಲ್ಲರ ಮರ್ಯಾದೆ ತೆಗೆದಿತ್ತೆಂದು ಅಂದೇ ಅದರ ಬಾಯಿ ಮುಚ್ಚಿಸಿದ್ದರು. ಮತ್ತೆ ತೆರೆಸುವುದು ಯಾರಿಗೂ ನೆನಪಾಗಲಿಲ್ಲ.

ಜಟ್ಟೆಮ್ಮನಿಗೆ ಮೊದಲು ನೆನಪಾದದ್ದು ಹದಿಮೂರನೇ ಮಹಡಿಯ ಮೆಹರುನ್ನೀಸಾ. ಅರವತ್ತೆಂಟರ ಹೆಂಗಸು, ಶಿವಾಜಿನಗರದ ಹಳೆಯ ಮನೆ ಬಿಟ್ಟು ಮಗನ ಜೊತೆ ಇಲ್ಲಿಗೆ ಬಂದವರು. ಮಗ ಆಫೀಸಿಗೆ ಹೋದ ಮೇಲೆ ಒಬ್ಬರೇ. ಮೊಣಕಾಲು ಕೈಕೊಟ್ಟಿದೆ. ಜಟ್ಟೆಮ್ಮನಿಗೆ ದಿನಾ ಒಂದು ಲೋಟ ಚಹಾ ಕೊಡುವ ಮನೆ ಇಡೀ ಕಟ್ಟಡದಲ್ಲಿ ಅದೊಂದೇ. ಬಕೆಟ್ಟು ಎತ್ತಿಕೊಂಡು ಮೇಲಕ್ಕೆ ಓಡಿದಳು. ಒರೆಸುವ ಕೋಲಿನಿಂದ ಬಕೆಟ್ಟನ್ನು ಬಡಿಯುತ್ತ, "ಬೆಂಕಿ ಬಿದ್ದದ, ಹೊರಗ ಬರ್ರಿ! ಹಿಂದಿನ ಪಾವಟಗಿ ಕಡೀ ಬರ್ರಿ!" ಎಂದು ಕೂಗಿದಳು.

"ನನ್ ಕಾಲು ಬರಲ್ಲಮ್ಮಾ, ನೀನು ಹೋಗು," ಅಂದರು ಮೆಹರುನ್ನೀಸಾ.

"ಕಾಲ್ ಬರ್ದಿದ್ರ ಕುಂತೇ ಇಳೀರಿ ಆಪಾ. ನಾ ಕೆಳಗಿರ್ತೀನಿ."

ಹಾಗೇ ಇಳಿದರು. ಆಪಾ ಒಂದೊಂದೇ ಮೆಟ್ಟಿಲು ಕೂತು ಜಾರುವುದು, ಜಟ್ಟೆಮ್ಮ ಒಂದು ಮೆಟ್ಟಿಲು ಕೆಳಗೆ ನಿಂತು ಪಾದ ಹಿಡಿದುಕೊಳ್ಳುವುದು. ಕೂಗು ಕೇಳಿ ಸುಮಾರು ಮೂವತ್ತು ಜನ ಬಂದರು. ಅವರಲ್ಲಿ ಅರ್ಧ ಜನಕ್ಕೆ ಹಿಂದೊಂದು ಮೆಟ್ಟಿಲ ಸಾಲಿದೆ ಎಂಬುದೇ ಆ ದಿನ ಗೊತ್ತಾದದ್ದು! ಎರಡನೇ ಮಹಡಿಯಲ್ಲಿ ಯಾರದೋ ಹಳೆಯ ಸೋಫಾ, ನಾಲ್ಕು ಸೈಕಲ್ಲು ದಾರಿಗೆ ಅಡ್ಡ. ಗಂಡಸರು ಎತ್ತಿ ಅತ್ತ ಬಿಸಾಕಿದರು. ಹೊರಗೆ ಬಂದು ಬಿಸಿಲಿಗೆ ಮುಖವೊಡ್ಡಿ ನಿಂತಾಗ ಆಪಾ ಜಟ್ಟೆಮ್ಮನ ಕೈ ಬಿಡಲೇ ಇಲ್ಲ.

ಅಷ್ಟರಲ್ಲಿ ಕಾವಲಿನವರು ಕೆಂಪು ಪೆಟ್ಟಿಗೆ ಒಡೆದು ಪೈಪು ಎಳೆದು ಚಕ್ರ ತಿರುಗಿಸಿದ್ದರು. ಒಂದು ಹನಿ ನೀರಿಲ್ಲ. ಕೆಳಗಿನಿಂದ ನೀರೆತ್ತುವ ಪಂಪಿನ ವೈರನ್ನೇ ಯಾರೋ ಬಿಚ್ಚಿ ಹಾಕಿದ್ದರು. ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿ, ಸೈರನ್ ಕೂಗಿ ಕೂಗಿ ಬಂದ ಅಗ್ನಿಶಾಮಕದವರು ತಮ್ಮ ಟ್ಯಾಂಕಿನ ನೀರಿನಲ್ಲೇ ಆರಿಸಿದರು. ಐದನೇ ಮಹಡಿಯ ಒಂದು ಮನೆ ಕರಕಲಾಯಿತು. ಹೊಗೆ ಕುಡಿದ ಇಬ್ಬರು ಆಸ್ಪತ್ರೆಗೆ ಹೋಗಿ ಸಂಜೆಗೇ ವಾಪಸ್ಸು ಬಂದರು. ಯಾರೂ ಸಾಯಲಿಲ್ಲ. ದೇವರು ದೊಡ್ಡವನು ಅಂದರು ಎಲ್ಲರೂ. ದೇವರು ದೊಡ್ಡವನೇ, ಅದರಲ್ಲಿ ಅನುಮಾನವಿಲ್ಲ. ಆದರೆ ಪಂಪಿನ ವೈರು ನೋಡಿಕೊಳ್ಳುವ ಕೆಲಸ ಅವನದಾಗಿರಲಿಲ್ಲ.

ಶುಕ್ರವಾರ ಜಟ್ಟೆಮ್ಮನಿಗೆ ಮೈಸೂರುಪಾಕು, ಶಾಲು, ಫೋಟೋ. ಸೋಮವಾರ ಗಾಳಿ ತಿರುಗಿತು.

ಹೊಣೆ ಯಾರದೆಂದು ಅಗ್ನಿಶಾಮಕ ಇಲಾಖೆಯ ನೋಟಿಸು ಬಂದಿತ್ತು. ನಿವಾಸಿಗಳ ಸಂಘ ನಿರ್ವಹಣೆಯ ಕಂಪನಿಯ ಕಡೆ ಕೈ ತೋರಿಸಿತು. ಕಂಪನಿ ಕಟ್ಟಿದವರ ಕಡೆ ತೋರಿಸಿತು. ಕಟ್ಟಿದವರು, ಕೀಲಿಕೈ ಕೊಟ್ಟ ಮೇಲೆ ನಮ್ಮದೇನು ಅಂದರು. ಕೊನೆಗೆ ಕಂಪನಿಯ ಮ್ಯಾನೇಜರನಿಗೆ ಆ ಹದಿನೆಂಟು ಕಾರ್ಡುಗಳು ನೆನಪಾದವು. ಕಾರ್ಡಿನ ಇಂಗ್ಲಿಷು ಹೇಳುತ್ತಿದ್ದದ್ದು ಇಷ್ಟು: 'ಪೈಪು, ವಾಲ್ವು, ನೀರಿನ ಒತ್ತಡ ಪರೀಕ್ಷಿಸಿದ್ದೇನೆ, ಎಲ್ಲ ಸರಿಯಿದೆ.' ಕೆಳಗೆ ಗುಂಡಗುಂಡಗೆ ಕನ್ನಡದಲ್ಲಿ 'ಜಟ್ಟೆಮ್ಮ'. ಒಂದೂವರೆ ವರ್ಷ, ವಾರ ತಪ್ಪದೆ. ಮ್ಯಾನೇಜರ್ ಎಲ್ಲದರ ಫೋಟೋ ತೆಗೆದು, ಪರೀಕ್ಷೆ ಮಾಡಿದವಳು ಈಕೆ, ಸುಳ್ಳು ವರದಿ ಕೊಟ್ಟು ಜನರ ಜೀವಕ್ಕೆ ಕುತ್ತು ತಂದವಳು ಈಕೆ ಎಂದು ಉತ್ತರ ಬರೆದ. ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿ ಕೂಡ ಇಷ್ಟು ಅಚ್ಚುಕಟ್ಟಾಗಿ ಒರೆಸಿರಲಾರದು.

ಅದೇ ವಾರ ಶುಕ್ರವಾರ ಸಂಜೆ ಭಗವಂತರಾಯ ದೇವಸಂದ್ರದ ಅವಳ ಬಾಡಿಗೆ ಕೋಣೆಗೆ ಬಂದ. ಚಾಪೆಯ ಮೇಲೆ ಕೂತ, ಕೊಟ್ಟ ನೀರು ಕುಡಿಯಲಿಲ್ಲ.

"ಯಕ್ಕಾ, ನಾಳಿ ಎನ್‌ಕ್ವೈರಿ ಅದ. ಫೈರ್ ಆಫೀಸರ್ ಬರ್ತಾರ. ನೀನು ಒಂದೇ ಮಾತು ಹೇಳು: ನಾ ವಾರಾ ವಾರಾ ನೋಡೀನಿ, ನೀರು ಬರ್ತಿತ್ತು, ಆ ದಿನ ಒಂದೇ ಬಂದಿಲ್ಲ ಅಂತ. ಅಷ್ಟು ಹೇಳಿದ್ರ ಕೇಸಿಲ್ಲ, ಕೆಲಸಾನೂ ಇರ್ತದ ಅಂತ ಮ್ಯಾನೇಜರ್ ಹೇಳ್ಯಾನ."

"ಹೇಳ್ಲಿಲ್ಲಂದ್ರ?"

ಭಗವಂತರಾಯ ನೆಲ ನೋಡಿದ. "ಪೊಲೀಸ್ ಕೇಸ್ ಆಗ್ತದಂತ. ನಿಂದೂ ಕೆಲಸ ಹೋಗ್ತದ, ನಂದೂ ಹೋಗ್ತದ."

ರೇವತಿ ಒಲೆಯ ಮುಂದಿನಿಂದ ಎದ್ದು ಬಂದಳು. "ಮಾಮಾ, ಆ ಕಾರ್ಡಿನ್ಯಾಗ ಏನ್ ಬರದದ ಅಂತ ಅವ್ವಗ ನೀವ್ಯಾಕ ಹೇಳಲಿಲ್ಲ?"

ಭಗವಂತರಾಯ ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದ. ಜಟ್ಟೆಮ್ಮನಿಗೆ ಅವನ ಮೇಲೆ ಸಿಟ್ಟು ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಕೆ. ಠಾಣೆ ಅಂದರೆ ಅವಳು ಕಂಡದ್ದು ಸಿನಿಮಾದಲ್ಲಿ ಮಾತ್ರ. ತನ್ನನ್ನು ಒಳಗೆ ಹಾಕಿದರೆ ಈ ಹುಡುಗಿಯ ಗತಿಯೇನು ಎಂದು ಯೋಚಿಸುತ್ತಲೇ ರೊಟ್ಟಿ ತಟ್ಟಿದಳು. ಎರಡು ರೊಟ್ಟಿ ಸೀದುಹೋದವು.

ಶನಿವಾರ ಹೊರಡುವಾಗ ಅವಳು ತನ್ನ ಪ್ಲಾಸ್ಟಿಕ್ ಕೈಚೀಲ ತೆಗೆದುಕೊಂಡಳು. ಓದು ಬಾರದವರ ಮನೆಯಲ್ಲಿ ಇಂಥದ್ದೊಂದು ಚೀಲ ಇದ್ದೇ ಇರುತ್ತದೆ. ಸೀಲು ಬಿದ್ದ ಕಾಗದವನ್ನು ಯಾವತ್ತೂ ಎಸೆಯಬಾರದು. ಯಾವ ಕಾಗದ ಎಲ್ಲಿ ಬೇಕಾದೀತೋ ಯಾರು ಬಲ್ಲರು? ಕಚೇರಿಗೆ ಹೋಗುವಾಗ ಚೀಲವನ್ನೇ ಒಯ್ಯಬೇಕು, ಕೇಳಿದರೆ ಎಲ್ಲವನ್ನೂ ಮೇಜಿನ ಮೇಲೆ ಹರಡಬೇಕು, ಬೇಕಾದ್ದನ್ನು ಅವರೇ ಆರಿಸಿಕೊಳ್ಳುತ್ತಾರೆ. ಓದಿದವರು ಇದನ್ನು ಕಂಡು ನಗುತ್ತಾರೆ. ನಗಲಿ.

ಕ್ಲಬ್‌ಹೌಸಿನಲ್ಲಿ ಕುರ್ಚಿ ತುಂಬ ಜನ. ಮುಂದಿನ ಮೇಜಿಗೆ ಅಗ್ನಿಶಾಮಕ ಇಲಾಖೆಯ ಅಧಿಕಾರಿ; ಅವರ ಎಡಕ್ಕೆ ಮ್ಯಾನೇಜರ್, ಬಲಕ್ಕೆ ಸಂಘದ ಕಾರ್ಯದರ್ಶಿ ಜಯಮಾಲಾ. ಹೌಸ್‌ಕೀಪಿಂಗಿನ ಹೆಂಗಸರು ಬಾಗಿಲ ಬಳಿ ನಿಂತಿದ್ದರು. ಅಧಿಕಾರಿ ಜಟ್ಟೆಮ್ಮನನ್ನು ಕರೆದು, "ಕೂತ್ಕೊಳ್ಳಿ ಅಮ್ಮಾ," ಅಂದರು. ಆರು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಯಾರೂ ಹೇಳದ ಮಾತು ಅದು. ಕುರ್ಚಿಯ ತುದಿಯಲ್ಲಿ ಕೂತಳು.

"ಈ ಸೈ ನಿಮ್ದೇನಾ?"

"ಹೌದ್ರಿ, ನಂದೇ ಅದ."

ಕುರ್ಚಿಗಳ ನಡುವೆ ಗುಸುಗುಸು ಎದ್ದಿತು. ಮ್ಯಾನೇಜರನ ಮುಖ ಅರಳಿತು.

"ಏನು ನೋಡಿ ಸೈ ಮಾಡ್ತಿದ್ರಿ?"

"ಗಾಜು ನೋಡ್ರಿ. ಒರಸಿದ ಮ್ಯಾಲ ಒಂದು ಕಲಿ ಇರ್ಬಾರ್ದು. ಅದನ್ನ ನೋಡಿ ಸೈ ಮಾಡ್ತಿದ್ದೆ."

"ಪೈಪಲ್ಲಿ ನೀರಿದ್ಯಾ ಅಂತ ನೋಡ್ಲಿಲ್ವಾ?"

ಜಟ್ಟೆಮ್ಮ ಒಮ್ಮೆ ಭಗವಂತರಾಯನ ಕಡೆ ನೋಡಿದಳು. ಅವನು ಗೋಡೆಗೊರಗಿ ನಿಂತು ಚಪ್ಪಲಿಯ ತುದಿಯನ್ನೇ ದಿಟ್ಟಿಸುತ್ತಿದ್ದ. ಸುಳ್ಳು ಹೇಳಬೇಕೆಂದು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದಳು ಪಾಪ. ಆದರೆ ಪ್ರಶ್ನೆ ಅವಳ ಮಂಡಿಗೆ ಬಿದ್ದಿತ್ತು; ಮಂಡಿಗೆ ಬಾಯಿಪಾಠ ಬರುವುದಿಲ್ಲ.

"ಅದರಾಗ ನೀರು ಎಲ್ಲಿ ಅವರಿ? ಇದ್ದಿದ್ರ ನಾ ಯಾಕ ಬಕೀಟ್ ಹೊತ್ತು ಹದಿನೆಂಟು ಫ್ಲೋರ್ ಹತ್ತತಿದ್ದೆ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ತಕ್ಷಣ ಸುಮ್ಮನಾದರು. ಅಧಿಕಾರಿ ಪೆನ್ನು ಕೆಳಗಿಟ್ಟರು. "ನಿಮಗೆ ಹೇಗೆ ಗೊತ್ತು?"

ಅವಳು ಹೇಳಿದಳು. ಶಿವರಾತ್ರಿಯ ಮುಂಚೆ ಒಂದು ದಿನ ಹದಿನಾಲ್ಕನೇ ಮಹಡಿಯಲ್ಲಿ ಬಕೆಟ್ಟಿನ ನೀರು ಕೊಳೆಯಾಗಿತ್ತು. ಕೆಳಗಿಳಿಯಲು ಮಂಡಿ ಒಪ್ಪಲಿಲ್ಲ. ಕೆಂಪು ಪೆಟ್ಟಿಗೆಯಲ್ಲಿ ಚಕ್ರ ಕಾಣಿಸಿತು. ಚಕ್ರವಿದ್ದ ಕಡೆ ನೀರಿರಬೇಕಲ್ಲ ಎಂದು ಎರಡೂ ಕೈ ಹಾಕಿ ತಿರುಗಿಸಿದಳು. ಬುಸ್ ಎಂದು ಗಾಳಿ ಬಂತು, ತುಕ್ಕು ಉದುರಿತು, ಅಷ್ಟೇ. ಕೆಳಗಿನೆರಡು ಮಹಡಿಯಲ್ಲೂ ತಿರುಗಿಸಿ ನೋಡಿದಳು. ಅಲ್ಲೂ ಅದೇ. ನಳದಾಗ ನೀರು ಬರ್ಲಾಕತ್ತಿಲ್ಲ ಅಂತ ಸೂಪರ್‌ವೈಸರಗ ಹೇಳಿದೆ, ಎಲ್ಲರ ಮುಂದ ಬೈಸಿಕೊಂಡೆ ಅಂದಳು.

ಮೆಟ್ಟಿಲು ಒರೆಸಲು ಬೆಂಕಿ ಆರಿಸುವ ಪೈಪಿಗೆ ಕೈ ಹಾಕಿದ್ದು ತಪ್ಪೇ, ಇಲ್ಲವೆನ್ನುವುದಿಲ್ಲ. ಆದರೆ ಆ ಕಟ್ಟಡದಲ್ಲಿ ಆ ಪೈಪನ್ನು ನಿಜವಾಗಿ ಪರೀಕ್ಷೆ ಮಾಡಿದವರು ಯಾರಾದರೂ ಇದ್ದರೆ ಅದು ಇವಳೊಬ್ಬಳೇ.

ಮ್ಯಾನೇಜರ್ ಎದ್ದು ನಿಂತ. "ಸರ್, ಇದು ಈಗ ಕಟ್ಟಿದ ಕತೆ. ಇಂಥ ಕಂಪ್ಲೇಂಟ್ ನಮಗೆ ಬಂದೇ ಇಲ್ಲ. ಯಾವ ರೆಕಾರ್ಡೂ ಇಲ್ಲ."

"ಕಾಗದ ಕೊಟ್ಟಿದ್ರಲ್ರಿ ನೀವೇ," ಅಂದಳು ಜಟ್ಟೆಮ್ಮ, ಅವನು ಮರೆತಿದ್ದಾನೆಂದೇ ತಿಳಿದು. ಚೀಲ ಬಿಚ್ಚಿ ಎಲ್ಲವನ್ನೂ ಮೇಜಿನ ಮೇಲೆ ಹರಡಿದಳು. ಆಧಾರ್ ಕಾರ್ಡು, ರೇಷನ್ ಕಾರ್ಡು, ಕೊರೊನಾ ಲಸಿಕೆಯ ಕಾಗದ, ರೇವತಿಯ ಏಳನೇ ಕ್ಲಾಸಿನ ಅಂಕಪಟ್ಟಿ, ಎಂದೋ ಮುಗಿದ ಬಸ್ ಪಾಸು. "ಇದರಾಗ ಯಾವುದೋ ಒಂದದ. ನೋಡ್ರಿ ಸಾಹೇಬ್ರ, ನನಗ ಓದ್ಲಿಕ್ಕಿ ಬರಲ್ಲ."

ಅಧಿಕಾರಿ ಒಂದೊಂದಾಗಿ ಮಗುಚಿದರು. ನಾಲ್ಕು ಮಡಿಕೆಯ ಒಂದು ಕಾಗದ ಬಿಡಿಸಿ, ಮೊದಲು ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಗಟ್ಟಿಯಾಗಿ ಓದಿದರು: "'ಎಚ್ಚರಿಕೆ ಪತ್ರ. ತಾವು ಅನುಮತಿಯಿಲ್ಲದೆ ಹದಿನಾಲ್ಕನೇ ಮಹಡಿಯ ಅಗ್ನಿಶಾಮಕ ಪೈಪಿನ ವಾಲ್ವನ್ನು ತೆರೆದು, ಅದರಲ್ಲಿ ನೀರಿಲ್ಲವೆಂದು ಇತರ ಸಿಬ್ಬಂದಿಯ ಎದುರು ಹೇಳಿರುತ್ತೀರಿ. ಸದರಿ ವಿಷಯವನ್ನು ನಿವಾಸಿಗಳಿಗೆ ತಿಳಿಸತಕ್ಕದ್ದಲ್ಲ. ಮರುಕಳಿಸಿದಲ್ಲಿ ಕೆಲಸದಿಂದ ತೆಗೆಯಲಾಗುವುದು.' ಕೆಳಗೆ ಮ್ಯಾನೇಜರ್ ಸಹಿ, ಕಂಪನಿಯ ಸೀಲು. ಫೆಬ್ರವರಿ ತಿಂಗಳದ್ದು." ಸ್ವಲ್ಪ ತಡೆದು ಸೇರಿಸಿದರು, "ಪ್ರತಿ, ಕಾರ್ಯದರ್ಶಿಗಳು, ನಿವಾಸಿಗಳ ಸಂಘ."

ಮೆಹರುನ್ನೀಸಾ ಕೋಲೂರಿ ಎದ್ದರು.

"ಜಯಮಾಲಾ, ನಿಮಗೆ ಗೊತ್ತಿತ್ತಾ?"

ಜಯಮಾಲಾ ಕೆಟ್ಟವಳಲ್ಲ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಬಂದಿತ್ತು ಆಂಟಿ. ಹೌಸ್‌ಕೀಪಿಂಗ್ ವಿಷಯ ಅಲ್ವಾ ಅಂತ ಓದ್ದೇನೇ ಫೈಲಿಗೆ ಹಾಕ್ಬಿಟ್ಟೆ." ಅವಳ ಮನೆಯಿದ್ದದ್ದು ಆರನೇ ಮಹಡಿಯಲ್ಲಿ, ಬೆಂಕಿಯ ನೆತ್ತಿಯ ಮೇಲೆ.

ಆಗ ಗೋಡೆಯ ಬಳಿಯಿಂದ ಭಗವಂತರಾಯ ಮುಂದೆ ಬಂದ. "ಸಾರ್, ಯಕ್ಕ ಹೇಳಿದ್ದೆಲ್ಲಾ ಖರೇ ಅದ. ಕಾರ್ಡಿನ್ಯಾಗ ಏನದ ಅಂತ ಆಕಿಗಿ ನಾ ಹೇಳಿಲ್ರಿ. ಯಾರರೇ ಒಬ್ಬರ ಸೈ ಹಾಕ್ಸು ಅಂತ ಕಂಪನಿಯವರು ಅಂದ್ರು, ಹಾಕ್ಸಿದೆ." ಬೆಂಕಿ ಆರಿ ಹತ್ತು ದಿನಕ್ಕೆ ಬಂದ ಬುದ್ಧಿ. ತಡವಾಗಿ ಬಂದರೂ ಬಂತಲ್ಲ.

ಅಧಿಕಾರಿ ಕಾಗದಗಳನ್ನೆಲ್ಲ ಜೋಡಿಸಿ, ಎಚ್ಚರಿಕೆ ಪತ್ರದ ಒಂದು ನಕಲು ತೆಗೆಸಿಕೊಂಡು, ಚೀಲವನ್ನು ಎರಡೂ ಕೈಯಲ್ಲಿ ವಾಪಸ್ಸು ಕೊಟ್ಟರು. "ನಿಮ್ಮ ಮೇಲೆ ಯಾವ ಕೇಸೂ ಇಲ್ಲಮ್ಮಾ. ನೋಟಿಸು ಕಂಪನಿಗೆ ಹೋಗುತ್ತೆ, ಸಂಘಕ್ಕೂ ಹೋಗುತ್ತೆ. ನೀವು ಮನೆಗೆ ಹೋಗಿ."

ಜಟ್ಟೆಮ್ಮ ಮನೆಗೆ ಹೋಗಲಿಲ್ಲ. ಹಿಂದಿನ ಮೆಟ್ಟಿಲಿಗೆ ಹೋಗಿ, ತಾನೇ ಒರೆಸಿದ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ದುಃಖದ ಅಳುವಲ್ಲ ಅದು. ಸೋಮವಾರದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದ ಅಳು. ಆಮೇಲೆ ರೇವತಿಗೆ ಫೋನು ಮಾಡಿ, "ಏನೂ ಆಗಿಲ್ಲವ್ವಾ, ಏನೂ ಆಗಿಲ್ಲ, ರಾತ್ರಿಗಿ ಹೋಳಿಗಿ ಮಾಡ್ತೀನಿ," ಅಂದಳು. ಅಂದಂತೆ ಮಾಡಿದಳು. ಭಗವಂತರಾಯನಿಗೂ ನಾಲ್ಕು ಹೋಳಿಗೆ ಕಳಿಸಿದಳು, ಬೈಗುಳದ ಸಮೇತ.

ಸಂಘದವರು ಕಂಪನಿ ಬದಲಿಸಿದರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಅನ್ನುವುದು ಗಾದೆ. ಇವರು ಕಡೇಪಕ್ಷ ತೋಡಿದರು, ಆಳವಾಗಿಯೇ ತೋಡಿದರು. ಗಂಟೆಗೆ ಬಾಯಿ ಬಂತು, ಸೋಫಾ ಗುಜರಿಗೆ ಹೋಯಿತು, ಪಂಪು ಹೊಸದಾಯಿತು. ಹಳೆಯ ಮ್ಯಾನೇಜರ್ ಈಗ ಇಲಾಖೆಗೂ ವಕೀಲರ ಮನೆಗೂ ಓಡಾಡುತ್ತಿದ್ದಾನೆಂದು ಸುದ್ದಿ. ಕಾರ್ಡುಗಳು ಕನ್ನಡದಲ್ಲಿ ಅಚ್ಚಾದವು. ಪ್ರತಿ ಕಾರ್ಡಿಗೂ ನಿವಾಸಿಗಳ ಪರವಾಗಿ ಒಂದು, ಕೆಲಸದವರ ಪರವಾಗಿ ಒಂದು ಸಹಿ ಬೇಕೆಂದಾಯಿತು. ಕೆಲಸದವರ ಸಹಿ ಜಟ್ಟೆಮ್ಮನದೇ ಇರಲಿ ಎಂದು ಹಟ ಹಿಡಿದವರು ಮೆಹರುನ್ನೀಸಾ.

"ಸಾಕ್ರಿ ಆಪಾ ನನಗ ಸೈ," ಎಂದು ಮೊದಲು ಕೈ ಮುಗಿದಳು. ಆಮೇಲೆ ಯೋಚಿಸಿ, ಓದಿ ಹೇಳುವುದಾದರೆ, ಕಣ್ಣಾರೆ ನೀರು ತೋರಿಸುವುದಾದರೆ ಆಗಲಿ ಅಂದಳು.

ಪರೀಕ್ಷೆಯ ದಿನ ಮೇಲಿನಿಂದ ಶುರುವಾಯಿತು. ಜಯಮಾಲಾ ಪ್ರತಿ ಕಾರ್ಡನ್ನೂ ಗಟ್ಟಿಯಾಗಿ ಓದುವುದು, ಪ್ಲಂಬರ್ ಚಕ್ರ ತಿರುಗಿಸುವುದು, ಬಾಲ್ಕನಿಯಿಂದ ಹೊರಕ್ಕೆ ನೀರು ಚಿಮ್ಮುವುದು, ಇಬ್ಬರೂ ಸಹಿ ಮಾಡುವುದು. ಹತ್ತು ಮಹಡಿ ಸರಾಗವಾಗಿ ಸಾಗಿತು. ಎಂಟನೆಯದರಲ್ಲಿ ಪೈಪು ಕೆಮ್ಮಿತು. ಎಳೆ ಮಗು ಉಚ್ಚೆ ಹೊಯ್ದಷ್ಟು ನೀರು ಬಂದು ನಿಂತಿತು.

"ಒಳಗೆಲ್ಲೋ ಕಸ ಸಿಕ್ಕಿದೆ, ನಾಳೆ ಬಿಚ್ಚಿ ನೋಡ್ತೀನಿ ಮೇಡಂ," ಅಂದ ಪ್ಲಂಬರ್.

ಜಯಮಾಲಾ ಗಡಿಯಾರ ನೋಡಿದಳು. ಸಂಜೆ ಐದರೊಳಗೆ ವರದಿ ಇಲಾಖೆಗೆ ಹೋಗಬೇಕು. ತನ್ನ ಸಹಿ ಮಾಡಿ ಪೆನ್ನು ಮುಂದೆ ಹಿಡಿದಳು. "ನಾಳೆ ಹೇಗೂ ಸರಿಯಾಗುತ್ತೆ ಜಟ್ಟೆಮ್ಮಾ. ಇದೊಂದಕ್ಕೆ ಮಾಡ್ಬಿಡಿ, ಪ್ಲೀಸ್."

ಜಟ್ಟೆಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ನೀರು ನಾಳಿ ಬರ್ತಾವಂದ್ರ ಸೈನೂ ನಾಳೀನೇ ಮಾಡ್ತೀನ್ರಿ."

"ಮೇಲಿನ ಹತ್ತೂ ಸರಿ ಇದ್ಯಲ್ಲಾ ಅಮ್ಮಾ, ಒಂದಕ್ಕೋಸ್ಕರ..."

"ಈ ಫ್ಲೋರ್‌ನ್ಯಾಗ ನಾಕು ಮನಿ ಅವರಿ. ಎರಡರಾಗ ಸಣ್ಣ ಹುಡುಗ್ರವ. ಅವರಿಗಿ ಹೋಗಿ ಹೇಳ್ರಿ ಮ್ಯಾಲಿನ ಹತ್ತು ಸರಿ ಅದ ಅಂತ. ಅವರು ಹೂಂ ಅಂದ್ರ ಕೊಡ್ರಿ ಪೆನ್ನು."

ಜಯಮಾಲಾ ಚಾಚಿದ ಪೆನ್ನನ್ನು ಹಿಂದಕ್ಕೆ ತೆಗೆದುಕೊಂಡಳು. ಕಾರ್ಡಿನಲ್ಲಿ ತಾನು ಮಾಡಿದ್ದ ಸಹಿಯ ಮೇಲೆ ಅಡ್ಡಗೆರೆ ಎಳೆದು ಪೆನ್ನು ಮುಚ್ಚಿದಳು. ಇಲಾಖೆಗೆ ಫೋನು ಮಾಡಿ, ಎಂಟನೇ ಮಹಡಿ ಇನ್ನೂ ಆಗಿಲ್ಲ, ವರದಿ ತಡವಾಗುತ್ತದೆ ಅಂದಳು. "ಈಗ್ಲೇ ಬಿಚ್ಚಪ್ಪಾ," ಅಂದಳು ಪ್ಲಂಬರನಿಗೆ, ಅಂದವಳೇ ಮೆಟ್ಟಿಲ ಮೇಲೆ ಕೂತಳು. ಅವಳ ಪಕ್ಕದಲ್ಲಿ ಜಟ್ಟೆಮ್ಮನೂ ಕೂತಳು.